ಹಗಲಲ್ಲಿ ಎಳೆದ ಪರದೆ

ಹಗಲು ಹೊತ್ತಿನಲ್ಲಿ ಮುಂದಿನ ಕೋಣೆಯ ಪರದೆ ಎಳೆದಿದ್ದರೆ ಆ ಮನೆಯಲ್ಲಿ ಹೆಣ ಇದೆ ಎಂದರ್ಥ. ಹಾಕ್‌ಲಾ ಎಂಬ ನಮ್ಮ ಕಲ್ಲಿದ್ದಲು ಗಣಿಯ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಒಂದು ಮನೆಯವರು ಎಳೆದರೆ ಪಕ್ಕದ ಮನೆಯವರು ಎಳೆಯುತ್ತಿದ್ದರು, ಅವರನ್ನು ನೋಡಿ ಎದುರು ಮನೆಯವರು. ಹೆಣ ಮಣ್ಣಿಗೆ ಹೋಗುವವರೆಗೆ ಬೀದಿಯ ಎಲ್ಲ ಕಿಟಕಿಗಳೂ ಮುಚ್ಚಿಯೇ ಇರುತ್ತಿದ್ದವು. ಈಗ ನನ್ನ ಮೊಮ್ಮಗನ ಮನೆಯಲ್ಲಿ ಮಧ್ಯಾಹ್ನ ಎರಡಾದರೂ ಪರದೆ ಸರಿಸಿರುವುದಿಲ್ಲ. ಮೊದಮೊದಲು ಅವನ ಮನೆಗೆ ಹೋದಾಗ ಬಾಗಿಲು ತಟ್ಟುವ ಮೊದಲೇ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಒಳಗೆ ಹೋಗಿ ನೋಡಿದರೆ ಮಹಾರಾಯ ಇನ್ನೂ ಹಾಸಿಗೆಯಿಂದಲೇ ಎದ್ದಿಲ್ಲ. ಬೈದು ಬೈದು ಸಾಕಾಗಿ ಬಿಟ್ಟಿದ್ದೇನೆ.

ಮುಂದಿನ ಕೋಣೆಯನ್ನು ನಾವು ಬಳಸುತ್ತಿದ್ದುದೇ ಅಪರೂಪ. ಉಣ್ಣುವುದು, ಬಟ್ಟೆ ಒಣಗಿಸುವುದು, ಜಗಳ ಆಡುವುದು, ಗಣಿಯಿಂದ ಬಂದ ಅಪ್ಪ ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಕೂತು ಮೈ ತೊಳೆಯುವುದು, ಎಲ್ಲ ಹಿಂದಿನ ಅಡುಗೆಮನೆಯಲ್ಲೇ. ಮುಂದಿನ ಕೋಣೆ ಕ್ರಿಸ್‌ಮಸ್ಸಿಗೆ, ಪಾದ್ರಿಗೆ, ಹೆಣಕ್ಕೆ. ಮುಂಬಾಗಿಲೂ ಹಾಗೆಯೇ. ಮದುಮಗಳು, ಡಾಕ್ಟರು, ಶವದ ಪೆಟ್ಟಿಗೆ, ಈ ಮೂರು ಬಿಟ್ಟರೆ ಉಳಿದವರೆಲ್ಲ ಹಿತ್ತಿಲ ಬಾಗಿಲಿನಿಂದ, ಅದೂ ತಟ್ಟದೆ. ಆದರೂ ಅಮ್ಮ ಯಾರೂ ತುಳಿಯದ ಆ ಮುಂದಿನ ಮೆಟ್ಟಿಲನ್ನು ವಾರಕ್ಕೆರಡು ಸಲ ಮೊಣಕಾಲೂರಿ ಉಜ್ಜಿ, ಅಂಚಿಗೆ ಬಿಳಿ ಕಲ್ಲು ತೀಡುತ್ತಿದ್ದಳು. ತೀಡದಿದ್ದರೆ ಬೀದಿಯ ಹೆಂಗಸರ ಬಾಯಿಗೆ ಬೀಳಬೇಕಿತ್ತು.

ಆ ವರ್ಷ, ಐವತ್ತಮೂರರಲ್ಲಿ, ಮುಂದಿನ ಕೋಣೆ ತಾತನದಾಗಿತ್ತು. ಐಸಾಕ್ ಹೆಪಲ್, ಅಮ್ಮನ ಅಪ್ಪ. ಐವತ್ತು ವರ್ಷ ಕಲ್ಲಿದ್ದಲು ಅಗೆದವನು. ಅದರ ಪುಡಿ ಎದೆಯೊಳಗೆ ಕೂತುಬಿಟ್ಟಿತ್ತು. ಮೆಟ್ಟಿಲು ಹತ್ತಲಾರ ಎಂದು ಫೆಬ್ರವರಿಯಲ್ಲಿ ಅಪ್ಪ ಮಂಚವನ್ನು ಕೆಳಗಿಳಿಸಿ ಹಾಕಿದ್ದ. ಡಾಕ್ಟರು ಅಮ್ಮನನ್ನು ಹಿತ್ತಿಲಿಗೆ ಕರೆದು, “ಬೇಸಿಗೆ ದಾಟೋದು ಕಷ್ಟ ಕಣಮ್ಮ ವಿನ್ನಿ” ಎಂದಿದ್ದರು. ಇದು ತಾತನಿಗೂ ಗೊತ್ತಿತ್ತು. ಸಾವಿನ ಬಗ್ಗೆ ಅವನು ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಅವನಿಗೆ ಇದ್ದದ್ದು ಎರಡು ಆಸೆ.

ಒಂದನ್ನು ಎಲ್ಲರಿಗೂ ಹೇಳಿದ್ದ. ತನ್ನ ಶವದ ಮುಂದೆ ಗಣಿ ಕೆಲಸಗಾರರ ಸಂಘದ ಬಾವುಟ ಹೋಗಬೇಕು. ಎರಡಾಳು ಎತ್ತರದ ಕೆಂಪು ರೇಷ್ಮೆ ಬಾವುಟ ಅದು, ಹೊರಲು ನಾಲ್ಕು ಜನ ಬೇಕು. ಸಂಘದಲ್ಲಿ ದುಡಿದವರು ಸತ್ತಾಗ ಅದರ ನೆತ್ತಿಗೆ ಕಪ್ಪು ಬಟ್ಟೆ ಕಟ್ಟಿ, ಬ್ಯಾಂಡಿನ ಹಿಂದೆ ಹಿಡಿದು ನಡೆಯುತ್ತಿದ್ದರು. ನಮ್ಮೂರಿನ ಗಂಡಸಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ತಾತ ಹದಿನೆಂಟು ವರ್ಷ ಸಂಘದ ಸಮಿತಿಯಲ್ಲಿದ್ದವನು. ಅವನಿಗಲ್ಲದೆ ಇನ್ನಾರಿಗೆ?

ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ಸಾಯುವ ಮೊದಲು ತಮ್ಮ ರೂಬೆನ್‌ನನ್ನು ಒಂದು ಸಲ ನೋಡಬೇಕು.

ರೂಬೆನ್ ತಾತ ಬೇರೆ ದೇಶದಲ್ಲೇನೂ ಇರಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲೇ ಇದ್ದ. ಇಪ್ಪತ್ತಾರನೇ ಇಸವಿಯಲ್ಲಿ ಊರಿಗೆ ಊರೇ ಏಳು ತಿಂಗಳು ಗಣಿಗೆ ಇಳಿಯದೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂತಿತ್ತಲ್ಲ, ಆಗ ಮುಷ್ಕರ ಮುಗಿಯಲು ಇನ್ನು ಮೂರು ವಾರ ಇದ್ದಾಗ ಅವನು ಪೊಲೀಸರ ಕಾವಲಿನಲ್ಲಿ ಕೆಲಸಕ್ಕೆ ಹೋದ. ಅಷ್ಟೇ. ಅಂದಿನಿಂದ ಅವನ ಹೆಸರು ದ್ರೋಹಿ. ಯಾರೂ ಅವನ ಜೊತೆ ಮಾತಾಡುವುದಿಲ್ಲ. ಹೆಂಡದಂಗಡಿಯಲ್ಲಿ ಅವನು ಕೂತ ಬೆಂಚಿನಿಂದ ಉಳಿದವರು ಎದ್ದುಬಿಡುತ್ತಿದ್ದರು, ಹಾಗಾಗಿ ಹೋಗುವುದನ್ನೇ ಬಿಟ್ಟ. ಪ್ರಾರ್ಥನಾ ಮಂದಿರದಲ್ಲಿ ಕೊನೆಯ ಸಾಲಿನಲ್ಲಿ ಒಬ್ಬನೇ. ತಂಬಾಕು ಬೇಕಾದರೆ ಮೂರು ಮೈಲಿ ನಡೆದು ಪಕ್ಕದ ಊರಿಗೆ. ಹೆಂಡತಿ ಸತ್ತು ಎಷ್ಟೋ ವರ್ಷವಾಗಿತ್ತು. ನಾನು ಹುಟ್ಟಿದ್ದೇ ಮುಷ್ಕರ ಮುಗಿದು ಹದಿನಾರು ವರ್ಷಕ್ಕೆ. ಆದರೂ ಉಳಿದ ಮಕ್ಕಳ ಜೊತೆ ಸೇರಿ ಅವನ ಬಾಗಿಲಿಗೆ ಮಣ್ಣುಂಡೆ ಎಸೆದು ‘ದ್ರೋಹಿ, ದ್ರೋಹಿ’ ಎಂದು ಕೂಗಿ ಓಡಿದ್ದೇನೆ. ಸ್ವಂತ ಚಿಕ್ಕ ತಾತನಿಗೆ! ನೆನೆಸಿಕೊಂಡರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ತಾತ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕೇಳುತ್ತಿದ್ದ.

“ಬೆರಿಲ್, ಕೊನೇ ಮನೆ ಚಿಮಣೀಲಿ ಹೊಗೆ ಬರ್ತಿದೆಯಾ ನೋಡೇ.”

“ಬರ್ತಿದೆ ತಾತ.”

“ಹೂಂ. ಗಾಳಿ ಯಾವ ಕಡೆ ಅಂತ ನೋಡೋಕೆ ಕೇಳ್ದೆ ಅಷ್ಟೆ.”

ಒಂದು ದಿನ ಅಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು. “ಅಪ್ಪಾ, ಚಿಕ್ಕಪ್ಪನ್ನ ಕರೀಲಾ?”

ತಾತನ ಮುಖ ಕಲ್ಲಾಯಿತು. “ಆ ಹೆಸರು ಈ ಮನೇಲಿ ಎತ್ತಬೇಡ. ನಾನು ಹತ್ತು ಜನರ ಮುಂದೆ ಆಣೆ ಮಾಡಿದೀನಿ.”

“ಆಣೆಗೂ ವಯಸ್ಸಾಗಲ್ವಾ?”

“ಆಗಲ್ಲ. ನನಗಾಗುತ್ತೆ.”

ಅಮ್ಮ ಅಡುಗೆಮನೆಗೆ ಬಂದು ಆಲೂಗಡ್ಡೆಯ ಮೇಲೆ ಸಿಟ್ಟು ತೀರಿಸಿಕೊಂಡಳು. “ಗಂಡಸರ ಹಟ ಹೆಣದ ಜೊತೇನೇ ಹೋಗ್ಬೇಕು” ಎಂದು ಗೊಣಗಿದಳು. ನನಗೇ ಹೇಳಿದಳೋ ಆಲೂಗಡ್ಡೆಗೆ ಹೇಳಿದಳೋ ಗೊತ್ತಾಗಲಿಲ್ಲ.

ಹೊಸ ರಾಣಿಯ ಪಟ್ಟಾಭಿಷೇಕಕ್ಕೆ ಇನ್ನು ಐದು ದಿನ ಇತ್ತು. ಆ ತಿಂಗಳಷ್ಟೇ ನಮ್ಮ ಕಡೆಯ ಗುಡ್ಡದ ಮೇಲೆ ಟಿ.ವಿ. ಗೋಪುರ ಶುರುವಾಗಿತ್ತು. ತಾತ ನೋಡಲಿ ಎಂದು ಅಪ್ಪ ಒಂದು ಟಿ.ವಿ. ಬಾಡಿಗೆಗೆ ಹೇಳಿ ಬಂದಿದ್ದ. ಅಮ್ಮನಿಗೆ ಖುಷಿಯೂ ಆಯಿತು, ಗಾಬರಿಯೂ ಆಯಿತು. ಟಿ.ವಿ. ಬಂತೆಂದು ಗೊತ್ತಾದರೆ ಇಡೀ ಬೀದಿ ದಿನಾ ನಮ್ಮ ಮನೆಯಲ್ಲೇ ಬೀಡುಬಿಡುತ್ತದೆ, ಚಹಾಪುಡಿಗೆ ರೇಷನ್ ಹೋಗಿದ್ದರೇನು, ಸಕ್ಕರೆಗೆ ಇನ್ನೂ ಇತ್ತಲ್ಲ! ಪಟ್ಟಾಭಿಷೇಕದ ದಿನ ಎಲ್ಲರನ್ನೂ ಕರೆದರಾಯಿತು, ಅಲ್ಲಿಯವರೆಗೆ ಗುಟ್ಟು ಎಂದು ತೀರ್ಮಾನಿಸಿದಳು.

ಗುರುವಾರ ಬೆಳಗ್ಗೆ ಹೆಂಗಸರೆಲ್ಲ ಮಾಂಸದಂಗಡಿಯ ಮುಂದೆ ಸಾಲು ನಿಂತಿದ್ದ ಹೊತ್ತು ನೋಡಿ ಟಿ.ವಿ. ಅಂಗಡಿಯವನು ಹಿತ್ತಿಲ ಓಣಿಯಿಂದ ಅದನ್ನು ಕೈಗಾಡಿಯಲ್ಲಿ ತಂದ. ಮೇಲೆ ಕಂಬಳಿ. “ಯಾರಾದ್ರೂ ಕೇಳಿದ್ರೆ ಹೊಲಿಗೆ ಮೆಷಿನ್ ಅನ್ನಿ” ಎಂದು ಅಮ್ಮ ಮೊದಲೇ ಹೇಳಿಕೊಟ್ಟಿದ್ದಳು. ಗೋಪುರ ಹತ್ತಿರವೇ ಇದ್ದದ್ದರಿಂದ ಆಂಟೆನಾ ತಂತಿಯನ್ನು ಅಟ್ಟದೊಳಗೇ ಕಟ್ಟಿದ. ಹೊರಗಿನಿಂದ ನೋಡಿದರೆ ಏನೂ ಕಾಣಿಸುತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹೆಂಗಸರ ಕಾರ್ಯಕ್ರಮ. ಅಪ್ಪ ಪಾಳಿಗೆ ಹೋಗಿದ್ದ, ನನಗೆ ಶಾಲೆಗೆ ರಜೆ. ಅಮ್ಮ, ನಾನು, ತಾತ ಮೂವರೂ ಪೆಟ್ಟಿಗೆಯ ಮುಂದೆ ಕೂತೆವು. ಗಾಜು ಊಟದ ತಟ್ಟೆಯಷ್ಟೇ ಅಗಲ, ಅದರ ಮೇಲೆ ಕಿಟಕಿಯ ಬಿಸಿಲು ಬಿದ್ದು ಒಂದೂ ಕಾಣದು.

“ಇದೇನೇ ವಿನ್ನಿ, ಹಿಟ್ಟು ಜರಡಿ ಹಿಡಿದಂಗಿದೆ” ಎಂದ ತಾತ.

“ಬಿಸಿಲಪ್ಪಾ, ತಡಿ.” ಅಮ್ಮ ಎದ್ದು ಹೋಗಿ ಪರದೆ ಎಳೆದಳು.

ನೋಡಿ, ಅದೇ ಅಮ್ಮ, ಹತ್ತಾರು ಸಾವುಗಳಲ್ಲಿ ಎಲ್ಲರಿಗಿಂತ ಮೊದಲು ಪರದೆ ಎಳೆದವಳು, ಬೇರೆಯವರು ಎಳೆಯುವುದು ಐದು ನಿಮಿಷ ತಡವಾದರೆ ಟೀಕೆ ಮಾಡುತ್ತಿದ್ದವಳು. ಅವಳಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ. ತಾತನಿಗೂ ಇಲ್ಲ. ಕತ್ತಲಾದ ಕೂಡಲೇ ಗಾಜಿನೊಳಗೆ ಮುತ್ತಿನ ಸರ ಹಾಕಿಕೊಂಡ ಒಬ್ಬ ಹೆಂಗಸು ಎದ್ದು ಬಂದಳು, ನಾವು ಬಾಯಿ ಬಿಟ್ಟುಕೊಂಡು ಕೂತೆವು.

ಆಕೆ ಕೇಕ್ ಮಾಡುವುದನ್ನು ತೋರಿಸುತ್ತಿದ್ದಳು.

“ಅರ್ಧ ಪೌಂಡ್ ಬೆಣ್ಣೆ! ಇವಳ ಮನೆ ಕಾಯ್ವಾಗ! ಇಬ್ಬರ ವಾರದ ರೇಷನ್ನು ಒಂದೇ ಬಟ್ಟಲಿಗೆ ಸುರೀತಾಳಲ್ಲೇ!”

“ಇವಳ ಗಂಡ ಹಳೇ ಗಣಿ ಮಾಲೀಕನೇ ಇರ್ಬೇಕು ಬಿಡು” ಎಂದ ತಾತ.

“ಮೊಟ್ಟೆ ನೋಡು, ನಾಲ್ಕು! ಐದು! ಅಯ್ಯೋ ಬೆರಿಲ್, ಕಣ್ಣು ಮುಚ್ಕೋ, ನೋಡ್ಬೇಡ.”

ತಾತ ನಕ್ಕ, ನಕ್ಕು ಕೆಮ್ಮಿದ, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಸುಸ್ತಾಗಿ ನಿದ್ದೆ ಹೋಗಿದ್ದ. ಅಮ್ಮ ಟಿ.ವಿ. ಆರಿಸಿ, ಅದರ ಮೇಲೆ ಮೇಜಿನ ಬಟ್ಟೆ ಹೊದಿಸಿದಳು. ಪರದೆಗೆ ಕೈ ಹಾಕಿದವಳು ಬಿಟ್ಟಳು.

“ಇರ್ಲಿ. ಬೆಳಕು ಬಿದ್ರೆ ಎಚ್ಚರ ಆಗುತ್ತೆ. ನೀನು ಇಲ್ಲೇ ಕೂತಿರು, ಕೆಮ್ಮಿದ್ರೆ ಕೂಗು” ಎಂದು ಅಡುಗೆಮನೆಗೆ ಹೋದಳು. ಗುರುವಾರ ರೊಟ್ಟಿ ಸುಡುವ ದಿನ, ನಾದಿಟ್ಟ ಹಿಟ್ಟು ಕಾಯುತ್ತಿತ್ತು.

ಹೊರಗೆ ಏನಾಯಿತೆಂದು ನನಗೆ ಆಮೇಲೆ ಗೊತ್ತಾದದ್ದು. ಎದುರು ಮನೆಯ ಮ್ಯಾಗಿ ಅತ್ತೆ ಯಾವುದೋ ಕೆಲಸಕ್ಕೆ ಹೋಗಿ ಹಿಂದಿರುಗುವಾಗ ನಮ್ಮ ಕಿಟಕಿ ನೋಡಿದಳು. ಊರಿನಲ್ಲಿ ಹೆರಿಗೆ ಮಾಡಿಸುವವಳೂ ಹೆಣ ತೊಳೆದು ಸಿಂಗರಿಸುವವಳೂ ಅವಳೇ. ನನ್ನನ್ನು ಈ ಲೋಕಕ್ಕೆ ಎಳೆದು ತಂದದ್ದೂ ಅವಳ ಕೈಯೇ. ‘ಅಯ್ಯೋ, ಐಸಾಕಣ್ಣ ಹೋದನೇ’ ಎಂದು ನೇರ ಮನೆಗೆ ಹೋಗಿ ತನ್ನ ಪರದೆ ಎಳೆದಳು. ಅವಳದನ್ನು ನೋಡಿ ಪಕ್ಕದವರು. ಕಾಲು ಗಂಟೆಯೊಳಗೆ ಬೀದಿಯ ಐವತ್ತಾರು ಮನೆಗಳೂ ಮುಚ್ಚಿದವು. ಆಟವಾಡುತ್ತಿದ್ದ ಮಕ್ಕಳನ್ನು ರಟ್ಟೆ ಹಿಡಿದು ಒಳಗೆ ಕರೆದುಕೊಂಡರು. ಯಾರೋ ಸೈಕಲ್ ಹತ್ತಿ ಸಂಘದ ಕಾರ್ಯದರ್ಶಿ ನಾರ್ಮನ್ ಡಾಬ್ಸನ್‌ರಿಗೆ ಸುದ್ದಿ ಮುಟ್ಟಿಸಲು ಹೋದರು. ಕೊನೆಯ ಮನೆಗೆ ಯಾರೂ ಹೋಗಲಿಲ್ಲ. ಅಲ್ಲಿ ಮಾತಾಡುವ ಹಾಗಿರಲಿಲ್ಲವಲ್ಲ. ಅವನೇ ಕಿಟಕಿಯಿಂದ ನೋಡಿಕೊಂಡ.

ಮುಂಬಾಗಿಲು ತಟ್ಟಿದ ಸದ್ದಿಗೆ ನಾನು ಬೆಚ್ಚಿಬಿದ್ದೆ. ಡಾಕ್ಟರಿರಬೇಕೆಂದುಕೊಂಡು ಚಿಲಕ ತೆಗೆದೆ.

ರೂಬೆನ್ ತಾತ ನಿಂತಿದ್ದ. ಭಾನುವಾರದ ಕರಿ ಕೋಟು, ಕರಿ ಟೈ, ಕೈಯಲ್ಲಿ ಹ್ಯಾಟು. ಅಷ್ಟು ಹತ್ತಿರದಿಂದ ನಾನು ಅವನನ್ನು ನೋಡಿದ್ದು ಅದೇ ಮೊದಲು. ಥೇಟು ತಾತನ ಮೂಗು. ಗಡ್ಡ ಹೆರೆದುಕೊಳ್ಳುವಾಗ ಎರಡು ಕಡೆ ಕುಯ್ದುಕೊಂಡಿದ್ದ.

“ಒಂದು ಗಳಿಗೆ ಮಗಾ” ಎಂದ. “ಬೇರೆಯವರು ಬರೋ ಮುಂಚೆ ಹೋಗ್ಬಿಡ್ತೀನಿ. ಒಂದೇ ಗಳಿಗೆ.”

ನಾನು ‘ತಾತ ಸತ್ತಿಲ್ಲ’ ಎನ್ನಬೇಕಿತ್ತು. ಎರಡೇ ಪದ. ಇಷ್ಟೇ ಇಷ್ಟು ಮಾತಿಗೆ ಬಾಯಿ ಬರಲಿಲ್ಲ. ಆ ಮನುಷ್ಯನ ಜೊತೆ ಮಾತಾಡಬಾರದು ಎಂದು ಹಾಲು ಕುಡಿಯುವಾಗಿನಿಂದ ಕಲಿತಿದ್ದೆ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಅವನು ಒಳಗೆ ಹೋಗಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ತಲೆ ಎತ್ತಲಿಲ್ಲ, ಹ್ಯಾಟಿನ ಅಂಚನ್ನೇ ತಿರುಗಿಸುತ್ತ ಕೂತ. ತಾತನ ಉಸಿರು ಸಣ್ಣಗೆ ಸೀಟಿ ಹಾಕುತ್ತಿತ್ತು, ಆದರೆ ರೂಬೆನ್ ತಾತನ ಕಿವಿ ಗಣಿಯ ಸಿಡಿಮದ್ದಿಗೆ ಎಂದೋ ಹೋಗಿತ್ತು.

“ಅಣ್ಣಾ” ಎಂದ.

ತಾತನ ಒಂದು ಕಣ್ಣು ತೆರೆಯಿತು. ನನ್ನನ್ನು ನೋಡಿತು. ಕಂಬಳಿಯ ಮೇಲಿದ್ದ ಕೈಯ ಒಂದು ಬೆರಳು ಎದ್ದಿತು, ಸುಮ್ಮನಿರು ಎಂದು. ಆಮೇಲೆ ಕಣ್ಣು ಮತ್ತೆ ಮುಚ್ಚಿತು.

“ನಾನು ಮಾಡಿದ್ದು ತಪ್ಪು. ಇಲ್ಲ ಅನ್ನಲ್ಲ” ಎಂದ ರೂಬೆನ್ ತಾತ. “ಇಪ್ಪತ್ತಾರು ವರ್ಷ ಇದನ್ನ ಹೇಳ್ಬೇಕು ಅಂತಿದ್ದೆ, ನಿನ್ನ ಬಾಗಿಲಿಗೆ ಬರೋಕೆ ಕಾಲು ಬರ್ಲಿಲ್ಲ. ಹೆಟ್ಟಿಗೆ ಉಸಿರು ಸಿಗ್ತಿರ್ಲಿಲ್ಲ ಅಣ್ಣಾ. ಮನೇಲಿ ಬೆಂಕಿ ಇಲ್ಲ, ಗೋಡೆ ಎಲ್ಲ ನೀರು. ಬಾಗಿಲಿನ ಹಲಗೆ ಕಿತ್ತು ಸುಟ್ಟೆ. ಕುರ್ಚಿ ಸುಟ್ಟೆ. ಡಾಕ್ಟರು ಮಗೂನ ಬೆಚ್ಚಗಿಡಿ ಅಂದ್ರು. ಯಾತರಲ್ಲಿ ಬೆಚ್ಚಗಿಡಲಿ? ಹೋದೆ. ಕೆಲಸಕ್ಕೆ ಹೋದ್ರೆ ಒಂದು ಗಾಡಿ ಕಲ್ಲಿದ್ದಲು ಕೊಡ್ತಿದ್ರು, ಮನೆಗೆ ತಂದೆ. ಒಲೆ ಹಚ್ಚಿದ ಐದನೇ ದಿನ ಮಗು ಹೋಯ್ತು.”

ಅವನ ದನಿ ಒಡೆಯಿತು. ನನಗೆ ಹೆಟ್ಟಿ ಯಾರೆಂದೇ ಗೊತ್ತಿರಲಿಲ್ಲ. ಅಮ್ಮನಿಗೆ ಹಾಗೊಬ್ಬಳು ಚಿಕ್ಕಪ್ಪನ ಮಗಳು ಇದ್ದಳೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

“ಮಾತಾಡಬೇಡ ಅಂದ್ರಿ, ಸರಿ. ಅದು ನನಗೆ ತಕ್ಕದ್ದೇ. ಆದರೆ ಆರು ವರ್ಷದ ಮಗು ಏನು ಮಾಡಿತ್ತು? ಪೆಟ್ಟಿಗೆ ನಾನೊಬ್ಬನೇ ಹೆಗಲ ಮೇಲಿಟ್ಕೊಂಡು ಈ ಬೀದೀಲಿ ಹೋದೆ. ಐವತ್ತಾರು ಮನೆ. ಒಂದೊಂದು ಕಿಟಕೀನೂ ನೋಡ್ಕೊಂಡು ಹೋದೆ. ಒಬ್ಬರೂ ಪರದೆ ಎಳೀಲಿಲ್ಲ. ನೀನು ಬರೋದು ಬೇಡಾಗಿತ್ತು ಅಣ್ಣಾ. ಒಂದು ಪರದೆ ಎಳೆದಿದ್ರೆ ಸಾಕಾಗಿತ್ತು.”

ನನಗೆ ಅಳು ಬಂದುಬಿಟ್ಟಿತ್ತು. ತಾತ ಕಣ್ಣು ಮುಚ್ಚಿಕೊಂಡೇ, ಆ ಮಂದ ಕಿವಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ.

“ಈ ಮಾರ್ಚಿಗೆ ಅವಳಿಗೆ ಮೂವತ್ತಮೂರು ತುಂಬ್ತಿತ್ತು.”

ರೂಬೆನ್ ತಾತ ಕುರ್ಚಿಸಮೇತ ಹಿಂದಕ್ಕೆ ಹಾರಿದ. ಹ್ಯಾಟು ಎಲ್ಲೋ ಬಿತ್ತು. “ಅಯ್ಯೋ ದೇವರೇ! ಬದುಕಿದೀಯಾ?”

“ಸದ್ಯಕ್ಕೆ.”

“ಬದುಕಿದೀಯಾ! ಹೆಣದ ಥರ ಬಿದ್ಕೊಂಡು ನನ್ನ ಮಾತೆಲ್ಲ ಕೇಳಿಸ್ಕೊಂಡ್ಯಾ! ಥೂ ನಿನ್ನ! ಕಳ್ಳ! ಊರಿಗೆ ಊರೇ ಪರದೆ ಎಳ್ಕೊಂಡು ಕೂತಿದೆ, ನೀನು ಇಲ್ಲಿ...”

“ಸತ್ತೋನ ಹತ್ರ ಯಾರು ಬೇಕಾದ್ರೂ ಮಾತಾಡಬಹುದು ರೂಬೆನ್. ಬದುಕಿರೋನು ನಿನ್ನ ಮಾತು ಕೇಳೋ ಹಾಗಿರ್ಲಿಲ್ಲ.” ತಾತ ಉಸಿರಿಗಾಗಿ ನಿಂತ. “ಪೂರ್ತಿ ಕೇಳ್ಬೇಕು ಅನ್ನಿಸ್ತು. ಅದಕ್ಕೇ ಸತ್ತೆ.”

ಅಷ್ಟು ಹೊತ್ತಿಗೆ ಹಿತ್ತಿಲ ಕಡೆಯಿಂದ ಗಲಾಟೆ. ಮ್ಯಾಗಿ ಅತ್ತೆ ತನ್ನ ಚೀಲ ಹಿಡಿದುಕೊಂಡು ಅಡುಗೆಮನೆಗೆ ಬಂದಿದ್ದಳು. ಬಿಳಿ ಏಪ್ರನ್ನು, ಹೆಣಕ್ಕೆ ಹಾಕುವ ಬಿಳಿ ಕಾಲುಚೀಲ, ಹೆಣದ ಕಣ್ಣು ತೆರೆಯದಂತೆ ಮೇಲಿಡುವ ಎರಡು ಪೆನ್ನಿ ನಾಣ್ಯ, ಎಲ್ಲ ಅದರಲ್ಲಿ. ಬಂದವಳೇ ಹಿಟ್ಟಿನ ಕೈಯ ಅಮ್ಮನನ್ನು ತಬ್ಬಿಕೊಂಡು ಅಳಲು ಶುರುಮಾಡಿದಳಂತೆ. ಅಮ್ಮ, “ಯಾರು ಹೋದ್ರೇ ಮ್ಯಾಗಿ?” ಎಂದು ಅವಳನ್ನೇ ಸಮಾಧಾನ ಮಾಡಿದಳಂತೆ. ಇಬ್ಬರಿಗೂ ಅರ್ಥವಾಗಲು ಒಂದೆರಡು ನಿಮಿಷ ಹಿಡಿಯಿತು. ಆಮೇಲೆ ಇಬ್ಬರೂ ಓಡಿ ಬಂದರು.

“ಐಸಾಕಣ್ಣಾ!” ಮ್ಯಾಗಿ ಅತ್ತೆ ಸೊಂಟದ ಮೇಲೆ ಕೈಯಿಟ್ಟಳು. “ಸಾಯದೆ ಪರದೆ ಎಳೀತಾರೇನಯ್ಯಾ? ನಾನು ಒಲೆ ಮೇಲಿನ ಸಾರು ಬಿಟ್ಟು ಬಂದಿದೀನಿ!”

“ಇನ್ನೊಂದು ಸಲ ಬರುವಿಯಂತೆ ಮ್ಯಾಗಿ, ಖಂಡಿತ ಮೋಸ ಮಾಡಲ್ಲ” ಎಂದ ತಾತ.

ಆಗ ಅವಳ ಕಣ್ಣು ಕುರ್ಚಿಯ ಮೇಲೆ ಬಿತ್ತು. ಬಾಯಿ ಮುಚ್ಚಿತು. ಅಮ್ಮ ಹಿಟ್ಟಿನ ಕೈಯನ್ನು ಬಾಯಿಗೆ ಒತ್ತಿಕೊಂಡಳು, ಮೂಗು ಗಲ್ಲವೆಲ್ಲ ಬಿಳಿ. ರೂಬೆನ್ ತಾತ ಬಗ್ಗಿ ಹ್ಯಾಟು ಹುಡುಕತೊಡಗಿದ.

ತೆರೆದೇ ಇದ್ದ ಮುಂಬಾಗಿಲಿನಲ್ಲಿ ಡಾಬ್ಸನ್ ಬಂದು ನಿಂತರು. ಕಂಕುಳಲ್ಲಿ ಬಾವುಟಕ್ಕೆ ಕಟ್ಟುವ ಕಪ್ಪು ಬಟ್ಟೆಯ ಗಂಟು, ಕೈಯಲ್ಲಿ ಟೋಪಿ. ಕೆಟ್ಟ ಮನುಷ್ಯರಲ್ಲ ಡಾಬ್ಸನ್. ಅಪ್ಪನ ಕಾಲು ಮುರಿದಾಗ ನಮ್ಮ ಮನೆಗೆ ಆರು ವಾರ ತರಕಾರಿ ತಂದುಕೊಟ್ಟವರು. ಬದುಕಿದ್ದ ತಾತನನ್ನು ನೋಡಿ ಮುಖ ಅರಳಿತು. ಆಮೇಲೆ ಕುರ್ಚಿಯ ಕಡೆ ತಿರುಗಿ ಮತ್ತೆ ಮುದುಡಿತು. ಅವರು ಅಲ್ಲಿ ಯಾರೂ ಇಲ್ಲವೆನ್ನುವ ಹಾಗೆ ತಾತನೊಬ್ಬನಿಗೇ ಮಾತಾಡಿದರು.

“ನೀನು ಇರೋದು ಸಂತೋಷ ಐಸಾಕಣ್ಣ. ನಾನು ಹೊರಗೆ ನಿಂತಿರ್ತೀನಿ. ಕೋಣೆ ಖಾಲಿ ಆದ್ಮೇಲೆ ಬರ್ತೀನಿ.”

“ಕೋಣೆ ಖಾಲಿ ಆಗಲ್ಲ ನಾರ್ಮನ್. ಇವನು ನನ್ನ ತಮ್ಮ.”

“ಐಸಾಕಣ್ಣ...” ಡಾಬ್ಸನ್ ಟೋಪಿಯನ್ನು ಹಿಂಡಿದರು. “ದ್ರೋಹಿನ ಮನೆಗೆ ಸೇರಿಸ್ದೋರಿಗೆ ಸಂಘದ ಬಾವುಟ ಇಲ್ಲ ಅಂತ ಠರಾವಿದೆ. ಮಂಡಿಸಿದ್ದು ನೀನೇ. ನಿನ್ನ ಅಕ್ಷರದಲ್ಲೇ ಇದೆ.”

“ನನ್ನ ಅಕ್ಷರ ನನಗೆ ಗೊತ್ತು.”

“ಅವತ್ತು ಅದನ್ನ ನಂಬಿ 'ಹೂಂ' ಅಂದೋರಲ್ಲಿ ಎಷ್ಟು ಜನ ತಮ್ಮ ಮಕ್ಕಳನ್ನ ಗಂಜಿ ಇಲ್ದೆ ಮಲಗಿಸಿದ್ರು, ನಿನಗೆ ಗೊತ್ತು. ಅವರಿಗೆ ನಾನು ಏನು ಹೇಳ್ಲಿ? ಈಗ ಇವನು ಎದ್ದು ಹೋದ್ರೆ ನಾನೇನೂ ನೋಡ್ಲಿಲ್ಲ. ಮ್ಯಾಗಿನೂ ನೋಡ್ಲಿಲ್ಲ.”

ಮ್ಯಾಗಿ ಅತ್ತೆ ಗೋಡೆ ನೋಡುತ್ತ ನಿಂತಳು.

ರೂಬೆನ್ ತಾತ ಎದ್ದ. “ಹೋಗ್ತೀನಿ ಅಣ್ಣಾ. ಹೇಳೋದು ಹೇಳಾಯ್ತು. ಬಾವುಟ ಕಳ್ಕೋಬೇಡ, ನನಗೋಸ್ಕರ ಬೇಡ.”

ತಾತ ಕೈ ಚಾಚಿ ಅವನ ಮಣಿಕಟ್ಟು ಹಿಡಿದ. ಆ ಕೈಯಲ್ಲಿ ಚಮಚ ಎತ್ತುವ ಶಕ್ತಿಯೂ ಇರಲಿಲ್ಲ, ಬೆಳಗ್ಗೆ ನಾನೇ ಗಂಜಿ ಕುಡಿಸಿದ್ದೆ. ಆದರೆ ರೂಬೆನ್ ತಾತ ಬಿಡಿಸಿಕೊಳ್ಳಲಿಲ್ಲ.

“ನೀನು ಏನೂ ಹೇಳ್ಬೇಡ ನಾರ್ಮನ್” ಎಂದ ತಾತ. “ಠರಾವು ಸರಿ ಇದೆ, ಹಾಗೇ ಇರ್ಲಿ. ನನ್ನನ್ನ ಬಾವುಟ ಇಲ್ದೆ ಹೂಳಿ.”

ಡಾಬ್ಸನ್‌ರ ಕಣ್ಣಿನಲ್ಲೂ ನೀರಿತ್ತು. ಟೋಪಿ ಹಾಕಿಕೊಂಡು, ಕಪ್ಪು ಬಟ್ಟೆಯ ಗಂಟನ್ನು ಕಂಕುಳಿಗೆ ಸರಿಯಾಗಿ ಸಿಕ್ಕಿಸಿಕೊಂಡು ಹೋದರು. ಮ್ಯಾಗಿ ಅತ್ತೆಯೂ ಚೀಲ ಎತ್ತಿಕೊಂಡಳು.

ಬಾವುಟ ಬರಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಜುಲೈ ಕೊನೆಗೆ ತಾತ ಹೋದ. ಬ್ಯಾಂಡೂ ಇಲ್ಲ, ಸಂಘದವರೂ ಇಲ್ಲ. ಅಪ್ಪನೂ ರೂಬೆನ್ ತಾತನೂ ಇನ್ನಿಬ್ಬರು ನೆಂಟರೂ ಹೊತ್ತರು. ಹದಿನೆಂಟು ವರ್ಷ ಸಂಘಕ್ಕೆ ದುಡಿದ ಮನುಷ್ಯ! ನನಗೆ ಡಾಬ್ಸನ್ ಮೇಲೆ ಬಹಳ ವರ್ಷ ಸಿಟ್ಟಿತ್ತು. ಈಗ ಇಲ್ಲ. ಉಪವಾಸ ಬಿದ್ದವರ ಮಾತೂ ಮಾತೇ. ಯಾರದು ಸರಿ ಎಂದು ನನ್ನನ್ನು ಕೇಳಬೇಡಿ. ಆ ಎರಡು ತಿಂಗಳು ರೂಬೆನ್ ತಾತ ದಿನಾ ಹಿತ್ತಿಲ ಬಾಗಿಲಿನಿಂದ, ತಟ್ಟದೆ, ಬರುತ್ತಿದ್ದ. ನಾನು ಕಂಡದ್ದು ಅಷ್ಟು.

ಆದರೆ ಆ ಗುರುವಾರ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಹೋದ ಮೇಲೆ ಅಮ್ಮ ಮುಖ ತೊಳೆದುಕೊಂಡು ಚಹಾ ತಂದಳು. ಇಡೀ ವಾರದ ಸಕ್ಕರೆಯ ಡಬ್ಬಿಯನ್ನೇ ತಂದು ರೂಬೆನ್ ತಾತನ ಮುಂದಿಟ್ಟು, “ಎಷ್ಟು ಬೇಕೋ ಹಾಕ್ಕೋ ಚಿಕ್ಕಪ್ಪಾ” ಎಂದು ಒಳಗೆ ಓಡಿದಳು. ನನ್ನನ್ನು ಯಾರೂ ಹೋಗೆನ್ನಲಿಲ್ಲ, ನಾನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತೆ. ಅಣ್ಣ ತಮ್ಮ ಇಬ್ಬರೂ ಚಹಾ ಕುಡಿದರು. ತಾತ ಏನನ್ನೋ ಕೇಳಲು ಬಾಯಿ ತೆರೆಯುವುದು, ಮುಚ್ಚುವುದು. ಕೊನೆಗೂ ಕೇಳಿದ.

“ಮಗು... ಕೊನೆ ಕೊನೆಗೆ ನನ್ನ ಕೇಳ್ತಾ?”

ರೂಬೆನ್ ತಾತ ಬಟ್ಟಲನ್ನು ಕೆಳಗಿಟ್ಟ. “ಬೇಡ ಬಿಡಣ್ಣಾ.”

“ಹೇಳು.”

“ಕೇಳ್ತು. ದಿನಾ ಕೇಳ್ತು. ದೊಡ್ಡಪ್ಪ ಯಾಕೆ ಬರಲ್ಲ, ದೊಡ್ಡಪ್ಪ ಯಾವಾಗ ಬರ್ತಾನೆ ಅಂತ.”

“ನೀನೇನಂದೆ?”

“ಪಾಳಿಗೆ ಹೋಗಿದಾನೆ ಪುಟ್ಟೀ, ಮುಗಿಸ್ಕೊಂಡು ಬರ್ತಾನೆ ಅಂದೆ.”

ಮುಷ್ಕರದ ಆ ನವೆಂಬರಿನಲ್ಲಿ ನಮ್ಮ ಬೀದಿಯಿಂದ ಪಾಳಿಗೆ ಹೋಗುತ್ತಿದ್ದವನು ರೂಬೆನ್ ತಾತ ಒಬ್ಬನೇ. ತಾತ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ರೂಬೆನ್ ತಾತ ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಅಳು ನಿಲ್ಲುವವರೆಗೂ ಅವನ ಬೆನ್ನು ನೀವುತ್ತ ಕೂತ.